ಹದಿನಾಲ್ಕನೇ ಹಾಳೆಯ ಮಂಟಪ

ಇಷ್ಟೆಲ್ಲಕ್ಕೂ ಕಾರಣ ಎರಡು ಮೊಳ ಕೆಂಪು ದಾರ.

ದಾರ ನಕ್ಷೆ ಕಚೇರಿಯದು. ಭೂಮಿಯ ಮೇಲಿನ ದಾರಿಗಳು ನೆಟ್ಟಗೆ ಹೋಗುವ ಜಾಯಮಾನದವಲ್ಲವಾದ್ದರಿಂದ, ನಕ್ಷೆಯಲ್ಲಿ ಅವುಗಳ ಉದ್ದ ತಿಳಿಯಬೇಕೆಂದರೆ ಅಳತೆಪಟ್ಟಿ ಸಾಲದು. ತಿರುವು ತಿರುವಿಗೂ ಗುಂಡುಪಿನ್ನು ಚುಚ್ಚಿ ದಾರವನ್ನು ಕೂರಿಸಬೇಕು, ಆಮೇಲೆ ಬಿಚ್ಚಿ ಅಳೆಯಬೇಕು. ಆ ಶನಿವಾರ ನಕ್ಷೆಗಾರ ಎಲ್ಲರಿಗಿಂತ ಮೊದಲು ಕಚೇರಿಗೆ ಬಂದು, ಹದಿನಾಲ್ಕನೇ ಹಾಳೆಯನ್ನು ಗಾಜಿನ ಮೇಜಿನ ಮೇಲೆ ಹಾಸಿ, ಗಾಜಿನ ಕೆಳಗಿನ ದೀಪ ಹೊತ್ತಿಸಿ, ಊರಿನ ಉತ್ತರ ಬಾಗಿಲಿನಿಂದ ದಾರವನ್ನು ಹೊರಡಿಸಿದ.

ದಾರ ಹಳೆಯ ಸುಂಕದ ಕಂಬಗಳನ್ನು ದಾಟಿತು. ಕಮಾನು ಮುರಿದ ಸೇತುವೆಯ ಪಕ್ಕದಲ್ಲಿ ಹೊಳೆಗೆ ಇಳಿದು ಹತ್ತಿತು. ಕೋಟೆಯ ಬುಡದಲ್ಲಿ ಒಂದೇ ಒಂದು ಏರು, ಅದೂ ಉಸಿರು ಕಟ್ಟಿಸುವಂಥದ್ದಲ್ಲ. ಅಲ್ಲಿಂದ ಕೆರೆ, ಕೆರೆಯಿಂದ ದಾರಿಹೋಕರ ಹಳೆಯ ಕಲ್ಲುಛತ್ರ, ಛತ್ರದಿಂದ ಮನೆ. ಎಂಟು ಕಿಲೋಮೀಟರಿಗೆ ಒಂದು ಗಂಟು, ಆರು ಗಂಟು, ಒಟ್ಟು ನಲವತ್ತೆಂಟು. ಬೆಳಿಗ್ಗೆ ಆರಕ್ಕೆ ಹೊರಟರೆ ಕೂತು, ನಿಂತು, ನೆರಳಿದ್ದಲ್ಲಿ ಮಲಗಿ, ಸಂಜೆ ಐದಕ್ಕೆ ವಾಪಸು. ಹನ್ನೆರಡು ವರ್ಷದಿಂದ ಸೈಕಲ್ ಮುಟ್ಟದವರೂ ಮಾಡಬಹುದಾದ ಸುತ್ತು. ಅವನ ಹೆಂಡತಿ ಸೈಕಲ್ ಮುಟ್ಟಿ ಹನ್ನೆರಡು ವರ್ಷವಾಗಿತ್ತು.

ನಾಲ್ಕನೇ ಗಂಟು ಬಿದ್ದದ್ದು ಕೆರೆಯ ದಂಡೆಯ ಮೇಲೆ. ಅಲ್ಲೊಂದು ಪುಟ್ಟ ಚೌಕ, ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ಪಕ್ಕದಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ: ಹಳೆಯ ಮಂಟಪ, ವಾಸವಿಲ್ಲ. ಈ ಚೌಕವನ್ನು ನಕ್ಷೆಗಾರ ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಹಳೆಯ ಹಾಳೆಯಿಂದ ಹೊಸ ಹಾಳೆಗೆ ಇಳಿಸಿದ್ದ. ಒಂದು ಸಲವೂ ಕಂಡಿರಲಿಲ್ಲ. ಸುತ್ತ ಎರಡು ಕಿಲೋಮೀಟರ್ ಮನೆಯಿಲ್ಲ, ತೋಟವಿಲ್ಲ, ಒಂದು ಕಾಲುದಾರಿ ಬಿಟ್ಟರೆ ದಾರಿಯಿಲ್ಲ. 'ವಾಸವಿಲ್ಲ' ಎಂಬುದನ್ನು ಓದಿದಾಗಲೆಲ್ಲ ಅವನಿಗೆ, ಬೇರೆಯವರಿಗೆ ಮಿಠಾಯಿ ಅಂಗಡಿಯ ಹಲಗೆ ಓದಿದಾಗ ಆಗುವಂತೆ, ಬಾಯಲ್ಲಿ ನೀರೂರುತ್ತಿತ್ತು.

ಏಕೆಂದರೆ ಅವನ ಮನೆಯಲ್ಲಿ ವಾಸ ಜಾಸ್ತಿ. ಇದ್ದದ್ದು ಎರಡು ಕೋಣೆ. ಒಂದರಿಂದ ಇನ್ನೊಂದಕ್ಕೆ ಬಾಗಿಲಿರಲಿಲ್ಲ, ಪರದೆ ಇತ್ತು. ಪರದೆಯ ಆಚೆ ಸೋದರತ್ತೆ ಇದ್ದಳು. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಸಾಕುವುದನ್ನು ಯಾವ ವಯಸ್ಸಿಗೆ ನಿಲ್ಲಿಸಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಬೆಳಿಗ್ಗೆ ಏಳೂವರೆಗೆ ಅವಳು ಬರುತ್ತಿದ್ದಳು, ಎಂಟೂವರೆಗೆ ಇವನು ಹೊರಡುತ್ತಿದ್ದ. ನಡುವಿನ ಒಂದು ಗಂಟೆ ಅವರದು, ಅಂದರೆ ಅವರಿಬ್ಬರದು ಮತ್ತು ಸೋದರತ್ತೆಯದು.

"ಇವತ್ತು ವಾರ್ಡಲ್ಲಿ ಏನಾಯ್ತು ಗೊತ್ತಾ," ಎಂದು ಹೆಂಡತಿ ಶುರು ಮಾಡುವಳು.

"ಏನಾಯ್ತು?" ಎಂದು ಪರದೆ ಕೇಳುವುದು.

ಮದುವೆಯಾದ ಮೂರು ವರ್ಷದಲ್ಲಿ ಅವರ ಒಂದು ಮಾತೂ ಪೂರ್ತಿಯಾಗಿರಲಿಲ್ಲ. ಹೆಂಡತಿಯನ್ನು ನಕ್ಷೆಗಾರ ಬಲ್ಲದ್ದು ಬಹುಪಾಲು ಗುರುತುಗಳಿಂದ: ದಿಂಬಿನ ಮೇಲಿನ ತಗ್ಗು, ಒದ್ದೆ ಬಾಚಣಿಗೆ, ಬಾಗಿಲ ಬಳಿ ಒಂದರ ಮೇಲೊಂದು ಕಾಲಿಟ್ಟುಕೊಂಡ ಚಪ್ಪಲಿ. ಕಾಣದ ಊರನ್ನು ನಕ್ಷೆಯಲ್ಲಿ ಓದುವ ಹಾಗೆ ಅವನು ಅವಳನ್ನು ಓದುತ್ತಿದ್ದ. ಉಳಿದ ಮಾತೆಲ್ಲ ಊಟದ ಡಬ್ಬಿಯ ಅಡಿಯಲ್ಲಿ, ಮಾತ್ರೆಯ ಡಬ್ಬಿಗಳನ್ನು ಹರಿದ ರಟ್ಟಿನ ಮೇಲೆ ನಡೆಯುತ್ತಿತ್ತು. ಈ ಪ್ರವಾಸದ ಯೋಜನೆಯೂ ಎರಡು ತಿಂಗಳಿಂದ ಅಲ್ಲೇ ನಡೆದಿತ್ತು.

'ಬಿದ್ರೆ ನಗಬಾರದು,' ಎಂದು ಅವಳು ಬರೆದಿದ್ದಳು.

'ನಗಲ್ಲ. ನಾನೂ ಬೀಳ್ತೀನಿ, ಸಮ ಆಗತ್ತೆ,' ಎಂದು ಇವನು.

'ಮಂಟಪದಲ್ಲಿ ಎಷ್ಟು ಹೊತ್ತು?'

'ಮಾತು ಮುಗಿಯೋ ತನಕ.'

ನಾಳೆಯ ಭಾನುವಾರ ಇಬ್ಬರಿಗೂ ಒಟ್ಟಿಗೆ ಸಿಕ್ಕಿದ ರಜೆ. ಹಿಂದಿನದು ಸಿಕ್ಕಿ ಐದು ತಿಂಗಳಾಗಿತ್ತು, ಅವತ್ತು ಸೋದರತ್ತೆಯ ಹಲ್ಲು ಕೀಳಿಸಿದ್ದರು.

ದಾರವನ್ನು ಮನೆ ಮುಟ್ಟಿಸಿ, ಉತ್ತರ ಬಾಗಿಲಿನ ಪಿನ್ನಿಗೆ 'ಭಾನುವಾರ, ಬೆಳಿಗ್ಗೆ 6' ಎಂಬ ಚೀಟಿ ಸಿಕ್ಕಿಸಿ, ನಕ್ಷೆಗಾರ ಒಂದು ಕ್ಷಣ ಕೈಕಟ್ಟಿ ನೋಡಿದ. ದೀಪದ ಮೇಲೆ ಹಾಳೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಶಾಯಿ ಬಾಟಲಿ ತರಲು ಕೆಳಗಿನ ಉಗ್ರಾಣಕ್ಕೆ ಹೋಗಬೇಕಾಗಿ ಬಂತು. ಉಗ್ರಾಣದವನು ಇನ್ನೂ ಬಂದಿರಲಿಲ್ಲ. ಕಾದ. ಹತ್ತು ನಿಮಿಷ ಬಿಟ್ಟು ಮೇಲೆ ಬಂದರೆ, ಉಗ್ರಾಣದವನು ಗಾಜಿನ ಮೇಜಿನ ಮುಂದೆ ನಿಂತಿದ್ದ. ಜೊತೆಗೆ ಟೈಪಿಸ್ಟಮ್ಮ.

ಇಲ್ಲೊಂದು ವಿಷಯ ಹೇಳಬೇಕು. ಆ ಕಚೇರಿಯಲ್ಲಿ ಹಾಳೆಯ ಮೇಲೆ ಕೆಂಪು ದಾರ ಬಿದ್ದಿತೆಂದರೆ ಅದಕ್ಕೆ ಒಂದೇ ಅರ್ಥ: ಕ್ಷೇತ್ರ ಪರಿಶೀಲನೆ. ಅಂದರೆ ನಕ್ಷೆಯಲ್ಲಿ ಇರುವುದು ನೆಲದ ಮೇಲೂ ಇದೆಯೇ ಎಂದು ಕಚೇರಿಯವರು ಹೋಗಿ ಕಣ್ಣಾರೆ ನೋಡಿ ಬರುವುದು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ನಕ್ಷೆಗಾರನೇ. ಆದರೆ ಆ ಬೆಳಿಗ್ಗೆ ಅವನ ಕಣ್ಣಿಗೆ ದಾರ ದಾರದ ಹಾಗೇ ಕಂಡಿರಲಿಲ್ಲ.

"ಭಾನುವಾರ ಪರಿಶೀಲನೆ ಇಟ್ಕೊಂಡು ನಮಗೊಂದು ಮಾತು ಹೇಳಬಾರದಾ?" ಎಂದಳು ಟೈಪಿಸ್ಟಮ್ಮ.

"ಹೇಳಿದ್ರೆ ನಾವೂ ಬರ್ತೀವಲ್ಲ, ಒಳ್ಳೆ ಹೆಸರು ಹಂಚಿಹೋಗತ್ತೆ," ಎಂದ ಉಗ್ರಾಣದವನು. "ಸುಮ್ಮನಿರೋರನ್ನ ನಂಬಬಾರದು ಅಂತ ನಮ್ಮ ಮನೆಯವಳು ಯಾವಾಗಲೂ ಹೇಳ್ತಾಳೆ. ನಾನೇ ಕೇಳಿರಲಿಲ್ಲ."

"ಅದು ಪರಿಶೀಲನೆ ಅಲ್ಲ..." ಎಂದು ನಕ್ಷೆಗಾರ ಬಾಯಿ ತೆರೆದ. ಅವನ ಹಿಂದೆ ಸಾಹೇಬರು ನಿಂತಿದ್ದರು.

"ಅಲ್ಲ ಅಂದ್ರೆ ಮತ್ತೇನು?" ಎಂದರು ಸಾಹೇಬರು.

ಮತ್ತೇನು ಎಂದು ಹೇಳುವಂತಿರಲಿಲ್ಲ. ಕಚೇರಿಯ ಹಾಳೆಯನ್ನು ಸ್ವಂತ ಕೆಲಸಕ್ಕೆ ಮೇಜಿಗೆ ಹಾಸಿದವರ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂಬ ಸುತ್ತೋಲೆ ಅದೇ ಮೇಜಿನ ಎದುರು ಗೋಡೆಗೆ ಅಂಟಿತ್ತು. ಅಂಟಿಸಿದವನು ನಕ್ಷೆಗಾರ. ದಪ್ಪ ಅಕ್ಷರಗಳನ್ನೂ ಅವನೇ ಬರೆದಿದ್ದ.

"ಪರಿಶೀಲನೆಯೇ ಸಾರ್," ಎಂದ.

ಸಾಹೇಬರ ಮುಖ, ಬಹಳ ದಿನ ಮುಚ್ಚಿದ್ದ ಕಿಟಕಿ ತೆಗೆದ ಹಾಗೆ, ಕಿರುಗುಟ್ಟುತ್ತ ಅರಳಿತು. "ಕೇಂದ್ರ ಕಚೇರಿಯವರು ಆರು ವರ್ಷದಿಂದ ಕೇಳ್ತಾ ಇದಾರೆ ಕಣ್ರೀ, ನೀವು ಕೊನೇ ಸಲ ಹೊರಗೆ ಹೋಗಿ ನೋಡಿದ್ದು ಯಾವಾಗ ಅಂತ. ನಾನು ಆರು ವರ್ಷದಿಂದ 'ಪರಿಶೀಲನೆಯಲ್ಲಿದೆ' ಅಂತ ಬರೀತಾ ಇದೀನಿ. ಎಲ್ಲರೂ ಹೋಗೋಣ."

"ಸೈಕಲ್ ದಾರಿ ಸಾರ್. ಬಿಸಿಲು. ಬಹಳ ಕಷ್ಟ."

"ವ್ಯಾನ್ ಇದೆಯಲ್ಲ," ಎಂದ ಉಗ್ರಾಣದವನು. "ನಮ್ಮ ಭಾವಮೈದುನಂದು. ಮೇಜು ಕುರ್ಚಿ ಸಾಗಿಸೋದು. ಹಿಂದೆ ಜಾಗ ಬೇಕಾದಷ್ಟಿದೆ."

"ಏರಿನಲ್ಲಿ ಯಾರಾದ್ರೂ ಜಾರಿ ಬಿದ್ರೆ ಸಾರ್..."

"ಅದೂ ಹೌದು. ಒಬ್ಬ ನರ್ಸ್ ಇರಬೇಕು," ಎಂದು ಸಾಹೇಬರು ಗಲ್ಲ ಕೆರೆದುಕೊಂಡರು. "ನಿಮ್ಮ ಮನೆಯವರು ನರ್ಸ್ ಅಲ್ವೇನ್ರೀ? ಕರ್ಕೊಂಡು ಬನ್ನಿ. ಅವರನ್ನ ವ್ಯಾನಲ್ಲಿ ಕೂರಿಸೋಣ, ಔಷಧಿ ಪೆಟ್ಟಿಗೆ ಜೊತೆ. ನೀವು ಮುಂದೆ ಸೈಕಲಲ್ಲಿ ದಾರಿ ತೋರಿಸ್ತಾ ಹೋಗಿ."

ಹೀಗೆ ಗಂಟೆ ಹತ್ತಾಗುವ ಮೊದಲೇ ನಕ್ಷೆಗಾರನ ಹೆಂಡತಿಯನ್ನು ಅವನಿಗೇ ಕಚೇರಿಯಿಂದ ಮಂಜೂರು ಮಾಡಿ, ಅವನಿಂದ ಐವತ್ತು ಗಜ ಹಿಂದೆ ಇಟ್ಟರು.

ಊಟದ ಬಿಡುವಿನಲ್ಲಿ ಅವನು ಪಕ್ಕದ ಮನೆಯ ಡ್ರಿಲ್ ಮಾಸ್ತರರ ಹತ್ತಿರ ಓಡಿದ. ಹೆಂಡತಿಗೆಂದು ಅವರ ಮಗಳ ಸೈಕಲನ್ನು ಕೇಳಿಟ್ಟಿದ್ದ. ಹೇಗಾದರೂ ಇರಲಿ, ಸೈಕಲ್ ಕೈಯಲ್ಲಿದ್ದರೆ ಬೆಳಕು ಹರಿಯುವ ಮೊದಲೇ ಇಬ್ಬರೂ ಹೊರಟುಬಿಡಬಹುದು ಎಂಬ ಒಂದು ಸಣ್ಣ ಆಸೆ. ಮಾಸ್ತರರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು, ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ.

"ಎಷ್ಟು ದೂರ ಅಂದೆ? ನಲವತ್ತೆಂಟಾ? ಅದಕ್ಕೆ ಇಡೀ ದಿನಾನಾ?" ಎಂದರು. "ಮೊಣಕಾಲು ಮಡಿಸು ನೋಡೋಣ. ಇಲ್ಲಿ, ಬೀದಿಯಲ್ಲೇ. ಪೂರ್ತಿ ಕೂರು. ಏಳು. ಕಟಕಟ ಅಂತಲ್ಲಪ್ಪ, ಬಾಡಿಗೆ ಮನೆ ಕಿಟಕಿ ಹಾಗೆ. ನಿನ್ನನ್ನ ಒಬ್ಬನೇ ಕಳಿಸಿದ್ರೆ ನನ್ನ ತಪ್ಪಾಗತ್ತೆ."

"ಒಬ್ಬನೇ ಅಲ್ಲ ಮಾಸ್ತರೇ, ಅವಳೂ..."

"ಅವಳನ್ನಂತೂ ಕಳಿಸೋದೇ ಇಲ್ಲ. ನಾನೂ ಬರ್ತೀನಿ."

ಇಷ್ಟನ್ನು ಅವರು ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವ ಧ್ವನಿಯಲ್ಲಿ ಹೇಳಿದ್ದರಿಂದ ನಡುವಿನ ಗೋಡೆಯ ಮೇಲೆ ಸೋದರತ್ತೆಯ ತಲೆ ಮೂಡಿತು.

"ಎಲ್ಲಿಗೋ ಹೋಗ್ತಿರೋದು?"

"ಮಂಟಪ ನೋಡೋಕೆ, ಅತ್ತೆ. ಕಚೇರಿ ಕೆಲಸ."

"ಕಚೇರಿ ಕೆಲಸಕ್ಕೆ ಅವಳ್ಯಾಕೆ? ಯಾರೂ ಇಲ್ಲದ ಹಾಳು ಜಾಗಕ್ಕೆ ಹೆಂಡ್ತಿ ಕರ್ಕೊಂಡು ಹೋಗಿ ಏನು ಮಾಡ್ತಾರಪ್ಪ?"

"ಏನೂ ಇಲ್ಲ. ಸುಮ್ನೆ ಕೂತು ಮಾತಾಡೋದು."

"ಮಾತಾಡೋಕೆ ಅಷ್ಟು ದೂರ ಹೋಗ್ಬೇಕಾ? ಮನೇಲಿ ನಾನಿಲ್ವಾ?"

ಇದಕ್ಕೆ ಉತ್ತರ ಅವನಲ್ಲಿ ಮೂರು ವರ್ಷದಿಂದ ಸಿದ್ಧವಿತ್ತು, ಆದರೆ ಕೊಡಲಾಗಲಿಲ್ಲ. ಹೆಂಡತಿ ಕೂರುವ ವ್ಯಾನ್ ಇದೆ ಎಂದು ಅವನು ಹೇಳಿದ್ದು ಮಾಸ್ತರರ ಬಾಯಿಂದ ಹೊರಬಿದ್ದ ಮೇಲೆ ಸೋದರತ್ತೆ ಮೂವತ್ತು ಮೊಟ್ಟೆ ಬೇಯಿಸಲು ಒಳಗೆ ಹೋದಳು.

ಒಳಗೆ ಹೆಂಡತಿ ಆಗಷ್ಟೇ ಎದ್ದಿದ್ದಳು. ಪರದೆಯ ಅಂಚು ಹಿಡಿದು ನಿಂತಿದ್ದಳು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ನಾನು ವ್ಯಾನಲ್ಲಂತೆ," ಎಂದಳು ಮೆಲ್ಲಗೆ.

"ಹೂಂ."

"ನೀವು ಸೈಕಲಲ್ಲಂತೆ."

"ಹೂಂ."

"ಹಿಂದಿನ ಗಾಜಿಂದ ಕಾಣ್ತೀರಾ?"

"ಅದು ಸಾಮಾನಿನ ವ್ಯಾನು. ಗಾಜಿಲ್ಲ."

ಅವಳು ನಕ್ಕಳು. ನಗು ತುಟಿಯವರೆಗೆ ಬಂದು ಅಲ್ಲೇ ಉಳಿಯಿತು. ಏನೋ ಹೇಳಲು ಹೊರಟಳು. "ಏನದು ಪಿಸಿಪಿಸಿ?" ಎಂದಳು ಸೋದರತ್ತೆ ಒಲೆಯ ಮುಂದಿನಿಂದ. ಮಾತು ಅಲ್ಲಿಗೆ ನಿಂತಿತು. ನಕ್ಷೆಗಾರ ಕಚೇರಿಗೆ ಹೊರಟ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ಕಿಟಕಿಯಲ್ಲಿ ಇರಲಿಲ್ಲ. ಕಿಟಕಿಯಲ್ಲಿ ಸೋದರತ್ತೆ ಇದ್ದಳು.

ಕಚೇರಿಯಲ್ಲಿ ಸಾಹೇಬರು ಪರಿಶೀಲನೆಯ ಕಾಗದ ಬರೆಸುತ್ತಿದ್ದರು. ಟೈಪಿಸ್ಟಮ್ಮನ ಯಂತ್ರ ಒಂದು ಸಾಲಿನ ಮಧ್ಯೆ ನಿಂತಿತ್ತು.

"ಮಂಟಪವನ್ನ ಮೊದಲು ಅಳೆದದ್ದು ಯಾವ ವರ್ಷ, ಯಾವ ಪುಸ್ತಕದಲ್ಲಿದೆ, ಇಲ್ಲಿ ನಮೂದಿಸಬೇಕಲ್ರೀ," ಎಂದರು ಸಾಹೇಬರು. "ಎಲ್ಲಾ ಪುಸ್ತಕ ತೆಗೆಸಿ ನೋಡಿದೆ. ಕೋಟೆ ಇದೆ, ಸೇತುವೆ ಇದೆ, ಛತ್ರ ಇದೆ. ಮಂಟಪ ಇಲ್ಲ. ಮಸಿ ಅಜ್ಜನ್ನ ಕೇಳ್ಕೊಂಡು ಬನ್ನಿ."

ಮಸಿ ಅಜ್ಜ ಎಂದರೆ ಆ ಕಚೇರಿಯ ಹಳೆಯ ಮುಖ್ಯ ನಕ್ಷೆಗಾರ. ನಿವೃತ್ತನಾಗಿ ಬಹಳ ಕಾಲವಾಗಿದ್ದರೂ ಉಗುರಿನ ಸಂದಿಯ ಶಾಯಿ ಹೋಗಿರಲಿಲ್ಲ. ನಕ್ಷೆಗಾರನಿಗೆ ಗೆರೆ ಎಳೆಯಲು ಕಲಿಸಿದವನೂ ಅವನೇ. ಪೇಟೆಯ ಹಿಂದಿನ ಓಣಿಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಅಜ್ಜ ಭೂತಗನ್ನಡಿ ಹಿಡಿದು ದಿನಪತ್ರಿಕೆ ಓದುತ್ತಿದ್ದ. ವಿಷಯ ಕೇಳಿ ಪತ್ರಿಕೆ ಮಡಿಚಿದ.

"ಯಾವ ಮಂಟಪ?"

"ಹದಿನಾಲ್ಕನೇ ಹಾಳೇದು. ಕೆರೆ ದಂಡೆ ಮೇಲೆ."

ಅಜ್ಜ ನಗಲು ಶುರು ಮಾಡಿದ. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು.

"ಅದು ಇಲ್ಲವೋ ಮಾರಾಯ. ಅದನ್ನ ನಾನು ಇಟ್ಟಿದ್ದು."

"ಇಟ್ಟಿದ್ದು ಅಂದ್ರೆ?"

"ಆಗ ಹೊರಗಿನ ಅಚ್ಚುಮನೆಯವರು ನಮ್ಮ ಹಾಳೆ ಕದ್ದು, ತಾವೇ ಅಳೆದ ಹಾಗೆ ಅಚ್ಚು ಹಾಕಿ ಮಾರ್ತಿದ್ರು. ಗುಡ್ಡ, ಹೊಳೆ ಎಲ್ಲರಿಗೂ ಒಂದೇ; ಕದ್ದಿದ್ದು ಅಂತ ತೋರಿಸೋದು ಹೇಗೆ? ಅದಕ್ಕೆ ಪ್ರತಿ ಹಾಳೆಗೂ ಒಂದೊಂದು ಸುಳ್ಳು ಇಡ್ತಿದ್ವಿ. ಇಲ್ಲದ ಬಾವಿ, ಇಲ್ಲದ ಗೋಡೆ. ನಮ್ಮ ಸುಳ್ಳು ಅವರ ನಕ್ಷೆಯಲ್ಲಿ ಬಂತೋ, ಸಿಕ್ಕಿಬಿದ್ರು. ಹದಿನಾಲ್ಕಕ್ಕೆ ಮಂಟಪ ಇಟ್ಟೆ. ಸುತ್ತ ಏನೂ ಇಲ್ಲದ ಜಾಗ ನೋಡಿ ಇಟ್ಟೆ, ಯಾರೂ ಹೋಗಿ ಹುಡುಕಬಾರದಲ್ಲ." ಅಜ್ಜ ಕಣ್ಣೊರೆಸಿಕೊಂಡ. "ಯಾಕೋ, ಮುಖ ಹಾಗೆ ಮಾಡ್ಕೊಂಡೆ?"

"ಏನಿಲ್ಲ," ಎಂದ ನಕ್ಷೆಗಾರ. "ಚೆನ್ನಾಗಿ ಬರೆದಿದ್ರಿ."

ವಾಪಸು ಬರುವಾಗ ಅವನು ಸೈಕಲ್ ಹತ್ತಲಿಲ್ಲ, ಪಕ್ಕದಲ್ಲಿ ನಡೆಸಿಕೊಂಡು ಬಂದ. ನಾಲ್ಕು ಸಲ ತಾನೇ ಬಿಡಿಸಿದ ಚೌಕ. ಅದರ ಒಳಗೆ ತಂಪು ಎಷ್ಟಿರುತ್ತದೆ, ಕಂಬಕ್ಕೆ ಒರಗಿದರೆ ಬೆನ್ನಿಗೆ ಹೇಗೆ ಹತ್ತುತ್ತದೆ, ನೀರಿನ ಮೇಲಿನ ಬೆಳಕು ಚಾವಣಿಯಲ್ಲಿ ಹೇಗೆ ಅಲುಗುತ್ತದೆ, ಎಲ್ಲವನ್ನೂ ಹೆಂಡತಿಗೆ ಬರೆದಿದ್ದ. ರಟ್ಟು ಸಾಲದೆ ಎರಡು ರಟ್ಟಿನಲ್ಲಿ ಬರೆದಿದ್ದ.

ಅಂಚೆ ಪೆಟ್ಟಿಗೆಯ ಹತ್ತಿರ ಬಂದಾಗ ಅವನಿಗೆ ಥಟ್ಟನೆ ಹೊಳೆಯಿತು. ಮಂಟಪವೇ ಇಲ್ಲವೆಂದ ಮೇಲೆ ಪರಿಶೀಲಿಸುವುದು ಏನನ್ನು? ಪರಿಶೀಲನೆ ಇಲ್ಲದಿದ್ದರೆ ಸಾಹೇಬರಿಲ್ಲ, ವ್ಯಾನಿಲ್ಲ. ಕೆರೆಯಂತೂ ಇದೆ. ದಂಡೆ ಇದೆ. ಕೂರಲು ನೆಲ ಸಾಕು, ಮಾತಿಗೆ ಚಾವಣಿ ಯಾಕೆ? ಅವನು ಸೈಕಲ್ ಹತ್ತಿ ಹಾರಿಕೊಂಡು ಬಂದು, ಮೆಟ್ಟಿಲನ್ನು ಎರಡೆರಡಾಗಿ ಏರಿ, ಬಾಗಿಲಲ್ಲೇ ನಿಂತು, ಇಡೀ ಕಚೇರಿಗೆ ಕೇಳುವಂತೆ ಹೇಳಿದ:

"ಮಂಟಪ ಇಲ್ಲ ಸಾರ್. ಅದು ಕಳ್ಳರನ್ನ ಹಿಡಿಯೋಕೆ ಇಟ್ಟ ಸುಳ್ಳು ಗುರುತು."

ಟೈಪಿಸ್ಟಮ್ಮ ಕಾಗದವನ್ನು ಯಂತ್ರದಿಂದ ಎಳೆದಳು. ಉಗ್ರಾಣದವನು ಬಾಯಿ ತೆರೆದುಕೊಂಡು ನಿಂತ. ಸಾಹೇಬರು ನಿಧಾನವಾಗಿ ಕನ್ನಡಕ ತೆಗೆದರು.

"ಹಾಗಾದ್ರೆ ಪರಿಶೀಲನೆ ರದ್ದು," ಎಂದರು.

"ಸರಿ ಸಾರ್," ಎಂದ ನಕ್ಷೆಗಾರ. ಧ್ವನಿಯಲ್ಲಿ ದುಃಖ ಬರಿಸಲು ನೋಡಿದ, ಬರಲಿಲ್ಲ.

"ಒಳಗೆ ಬನ್ನಿ. ಬಾಗಿಲು ಹಾಕ್ಕೊಳ್ಳಿ."

ಒಳಗೆ ಸಾಹೇಬರು ಕುರ್ಚಿಯ ತುದಿಯಲ್ಲಿ ಕೂತರು. "ಗುಟ್ಟಿನ ಗುರುತನ್ನ ಗಂಟೆ ಹೊಡೆದ ಹಾಗೆ ಹೇಳಿಬಿಟ್ರಲ್ರೀ. ಉಗ್ರಾಣದವನಿಗೆ ಗೊತ್ತಾಯ್ತು ಅಂದ್ರೆ ಪೇಟೆಗೆ ಗೊತ್ತಾಯ್ತು ಅಂತ ಲೆಕ್ಕ. ಇನ್ನು ಆ ಮಂಟಪದಿಂದ ಯಾವ ಕಳ್ಳನೂ ಸಿಗಲ್ಲ. ಹಾಳೆ ಸೋಮವಾರ ಮುದ್ರಣಕ್ಕೆ ಹೋಗಬೇಕು. ನಾಳೆ ಬಂದು ಅದನ್ನ ಕೆರೆದು ತೆಗೀರಿ. ಬೇರೆ ಕಡೆ ಇನ್ನೊಂದು ಇಡಿ. ಎಲ್ಲಿ ಅಂತ ನನಗೂ ಹೇಳ್ಬೇಡಿ, ಮನೇಲೂ ಹೇಳ್ಬೇಡಿ. ಇದೂ ಹೊರಗೆ ಹೋಯ್ತೋ, ನಿಮ್ಮನ್ನೇ ಕೆರೆದು ತೆಗೀತೀನಿ."

"ಸೋಮವಾರ ಬೆಳಿಗ್ಗೆ ಬೇಗ ಬಂದು ಮಾಡಲಾ ಸಾರ್?"

"ಶಾಯಿ ಒಣಗೋದು ಬೇಡ್ವಾ?"

ಶಾಯಿ ಒಣಗಬೇಕು ಎಂಬುದನ್ನು ನಕ್ಷೆಗಾರ ಅಲ್ಲಗಳೆಯುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಪ್ರವಾಸ ಹೊರಟಿತು. ಮಂಟಪ ಇರಲಿ ಬಿಡಲಿ, ಮೊಣಕಾಲು ಸಿದ್ಧವಾಗಿದೆ ಎಂದರು ಮಾಸ್ತರರು. ಮೊಟ್ಟೆ ಬೆಂದಿದೆ ಎಂದಳು ಸೋದರತ್ತೆ. ವ್ಯಾನ್ ಹೇಗೂ ಬಂದಿದೆ ಎಂದ ಉಗ್ರಾಣದವನು. ಟೈಪಿಸ್ಟಮ್ಮ ಹೊಸ ಟೋಪಿ ಹಾಕಿಕೊಂಡು ಬಂದಿದ್ದಳು. ಕಚೇರಿಯ ಔಷಧಿ ಪೆಟ್ಟಿಗೆ ಇಲ್ಲದ್ದರಿಂದ ನರ್ಸಿಗೆ ವ್ಯಾನಿನಲ್ಲಿ ಕೂರುವ ಕಟ್ಟುಪಾಡು ತಪ್ಪಿತ್ತು. ಅವಳು ಮಾಸ್ತರರ ಮಗಳ ಸೈಕಲ್ ಹಿಡಿದು, ಹತ್ತದೆ, ಬಾಗಿಲ ಬಳಿ ನಿಂತಿದ್ದಳು.

"ನಾನೂ ಇರ್ತೀನಿ. ಕಚೇರಿಗೇ ಬರ್ತೀನಿ, ನಿಮ್ಮ ಮೇಜಿನ ಹತ್ರ ಕೂರ್ತೀನಿ," ಎಂದಳು.

"ಗುಟ್ಟಿನ ಕೆಲಸ. ಹೊರಗಿನವರನ್ನ ಬಿಡಲ್ಲ."

"ನಾನು ಹೊರಗಿನವಳಾ?"

"ಕಚೇರಿಗೆ."

ಅವಳು ಸ್ವಲ್ಪ ಹೊತ್ತು ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಿಂದ ಸವರಿದಳು. "ಹಾಗಾದ್ರೆ ಹೋಗಿ ಬರ್ತೀನಿ. ಇಲ್ಲದ ಮಂಟಪ ಹೇಗಿದೆ ಅಂತ ನೋಡ್ಕೊಂಡು ಬಂದು ಹೇಳ್ತೀನಿ." ಮಾಸ್ತರರು ಸೀಟಿ ಊದಿದರು. ಅವಳು ಹತ್ತಿದಳು, ವಾಲಿದಳು, ಇನ್ನೇನು ಬಿದ್ದಳು ಎನ್ನುವಷ್ಟರಲ್ಲಿ ಸಾವರಿಸಿಕೊಂಡು ತಿರುವಿನಲ್ಲಿ ಮರೆಯಾದಳು. ನಕ್ಷೆಗಾರ ನಗಲಿಲ್ಲ.

ಖಾಲಿ ಕಚೇರಿಯಲ್ಲಿ ಗಡಿಯಾರ ಎಂದಿಗಿಂತ ಜೋರಾಗಿ ನಡೆಯುತ್ತಿತ್ತು. ನಕ್ಷೆಗಾರ ದೀಪ ಹೊತ್ತಿಸಿ, ಬ್ಲೇಡಿನ ಮೂಲೆಯನ್ನು ಹಾಳೆಗೆ ಓರೆಯಾಗಿ ಹಿಡಿದು ಕೆರೆಯತೊಡಗಿದ. ಹಾಳೆ ಹರಿಯದಂತೆ, ಕೆರೆಯ ಅಂಚಿಗೆ ತಾಗದಂತೆ, ಉಸಿರು ಬಿಗಿಹಿಡಿದು. ಒಂದು ಕಂಬ ಹೋಯಿತು. ಎರಡನೆಯದು. ಈಗ ಅವರು ಸುಂಕದ ಕಂಬಗಳ ಹತ್ತಿರ ಇರಬೇಕು, ಎಂದುಕೊಂಡ. ಮೂರನೆಯದಕ್ಕೆ ಸೇತುವೆ. ಚೌಕದ ಗೆರೆಗಳು ಬಿಳಿಯ ಪುಡಿಯಾಗಿ ಎದ್ದವು. ಕೊನೆಗೆ ಉಳಿದದ್ದು 'ವಾಸವಿಲ್ಲ'. ಅದನ್ನು ಅಕ್ಷರ ಅಕ್ಷರವಾಗಿ ಕೆರೆದ. ಇಷ್ಟು ವರ್ಷ ಇದ್ದ ಜಾಗ ಮುಗಿಯಲು ನಲವತ್ತು ನಿಮಿಷ ಹಿಡಿಯಿತು.

ಹೊಸ ಸುಳ್ಳಿಗೆ ಜಾಗ ಹುಡುಕುವುದಕ್ಕೆ ಉಳಿದ ದಿನವೆಲ್ಲ ಹೋಯಿತು. ಹೊಳೆಯ ತಿರುವು ಚೆನ್ನಾಗಿತ್ತು. ಛತ್ರದ ಹಿಂದಿನ ತೋಪು ಇನ್ನೂ ಚೆನ್ನಾಗಿತ್ತು. ಆದರೆ ಚೆನ್ನಾಗಿರುವ ಜಾಗದಲ್ಲಿಟ್ಟರೆ ಇನ್ನೆಲ್ಲೋ ಯಾವನೋ ಒಬ್ಬ ರಾತ್ರಿ ಪಾಳಿಯ ಹೆಂಡತಿಯ ಗಂಡ ಅದನ್ನು ನೋಡಿ ಆಸೆಪಡುತ್ತಾನೆ. ಆದ್ದರಿಂದ ಅವನು ಕಡಿದಾದ ಗುಡ್ಡದ ನೆತ್ತಿಯನ್ನು ಆರಿಸಿದ. ಸೈಕಲ್ ಇರಲಿ, ಆಡೂ ಹತ್ತದ ಜಾಗ. ಅಲ್ಲಿ ನಾಲ್ಕು ಚುಕ್ಕಿ ಇಟ್ಟು ಚೌಕ ಎಳೆದ. ನಾಲ್ಕೂವರೆಗೆ ಸಾಹೇಬರು ಬಂದು, ಹಾಳೆಯನ್ನು ನೋಡದೆಯೇ ಸುರುಳಿ ಸುತ್ತಿ ಕೊಳವೆಗೆ ತುಂಬಿ, ನಾಳೆಯವರೆಗೆ ಯಾಕೆ ಎಂದು ತಾವೇ ಮುದ್ರಣಾಲಯಕ್ಕೆ ಕೊಂಡೊಯ್ದರು.

ಮನೆಯಲ್ಲಿ ಸೋದರತ್ತೆ ಕಾಲು ಚಾಚಿ ಕೂತು ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ನೀನು ಬರದೇ ಇದ್ದದ್ದೇ ಒಳ್ಳೇದಾಯ್ತು. ಕೋಟೆ ಅಂತೆ ಕೋಟೆ, ಬರೀ ಕಲ್ಲು. ಮಾಸ್ತರು ಅಲ್ಲೇ ನೆರಳಲ್ಲಿ ಗೊರಕೆ ಹೊಡೆದ್ರು. ನಾವೂ ಮಲಗಿದ್ವಿ. ಎದ್ದು ಹಾಗೇ ವಾಪಸು ಬಂದ್ವಿ," ಎಂದು ಹೇಳಿ, ಮೊಟ್ಟೆ ಉಳಿದಿದೆ, ಮಾಸ್ತರರಿಗೆ ಕೊಟ್ಟು ಬರುತ್ತೇನೆಂದು ಎದ್ದು ಹೋದಳು.

ಎಷ್ಟೋ ದಿನಗಳ ಮೇಲೆ ಪರದೆಯ ಆಚೆ ಯಾರೂ ಇರಲಿಲ್ಲ. ಹೆಂಡತಿ ಮೂಗಿನ ತುದಿ ಕೆಂಪಗಾಗುವಷ್ಟು ಬಿಸಿಲು ಕುಡಿದು ಬಂದಿದ್ದಳು. ಮೊಣಕೈ ತರಚಿತ್ತು. ಅವನ ಎದುರು ಕೂತು, ಬಾಗಿಲ ಕಡೆ ಒಮ್ಮೆ ನೋಡಿ, ಬೇಗ ಬೇಗ ಹೇಳಿದಳು:

"ಎಲ್ಲರೂ ಮಲಗಿದಾಗ ನಾನೊಬ್ಬಳೇ ಕೆರೆಗೆ ಹೋಗಿದ್ದೆ. ಮಂಟಪ ಇದೆ."

"ಇಲ್ಲ," ಎಂದ ಅವನು.

"ಇದೆ ಅಂತೀನಲ್ಲ. ನಾಲ್ಕು ಕಂಬ. ನೀವು ಬರೆದ ಹಾಗೇ, ನೀರಿನ ಬೆಳಕು ಚಾವಣಿಯಲ್ಲಿ ಅಲುಗತ್ತೆ. ಕೆರೆ ಕಾವಲಿನವನು ಸಿಕ್ಕಿದ್ದ, ಅವನೇ ಎಲ್ಲಾ ಹೇಳ್ದ. ಮೊದಲು ಇರಲಿಲ್ಲವಂತೆ. ಒಂಬತ್ತು ವರ್ಷದ ಹಿಂದೆ ಯಾರೋ ಅಧಿಕಾರಿ ಬಂದು, ನಕ್ಷೆಯಲ್ಲಿರೋ ಮಂಟಪ ಎಲ್ಲಿ, ಕೆಡವಿದವರು ಯಾರು ಅಂತ ಅಬ್ಬರಿಸಿದ್ರಂತೆ. ಕೇಸಾಗತ್ತೆ ಅಂತ ಹೆದರಿ ಆಚೆ ಹಳ್ಳಿಯವರೆಲ್ಲ ಸೇರಿ ಕೋಟೆಯಿಂದ ಬಿದ್ದ ಕಲ್ಲು ತಂದು ಒಂದು ತಿಂಗಳಲ್ಲಿ ಕಟ್ಟಿಬಿಟ್ರಂತೆ. ಹಳೇ ಕಲ್ಲಲ್ವಾ, ಮುನ್ನೂರು ವರ್ಷದ್ದರ ಹಾಗೇ ಇದೆ."

ನಕ್ಷೆಗಾರ ಬ್ಲೇಡು ಹಿಡಿದಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡ.

"ಆ ಅಧಿಕಾರಿಗಳು ಈಗಲೂ ಹೊಸ ನಕ್ಷೆ ಬಂದಾಗಲೆಲ್ಲ ಹಿಡ್ಕೊಂಡು ಬರ್ತಾರಂತೆ. ಅದರಲ್ಲಿ ಇರೋದು ಅಲ್ಲಿರಬೇಕು, ಇಲ್ಲದ್ದು ಇರಬಾರದು. ಕಾವಲಿನವನ ಗುಡಿಸಲು ನಕ್ಷೆಯಲ್ಲಿಲ್ಲ ಅಂತ ಹೋದ ಸಲ ಕಿತ್ತು ಹಾಕಿಸಿದ್ರಂತೆ, ಪಾಪ. ಅದಕ್ಕೇ ಅವನು ಮಂಟಪದಲ್ಲೇ ಬುತ್ತಿ ಇಟ್ಕೋತಾನೆ." ಅವಳು ಇನ್ನಷ್ಟು ಹತ್ತಿರ ಸರಿದಳು. "ನಾನು ಯಾರಿಗೂ ಹೇಳಿಲ್ಲ. ಅದು ಇಲ್ಲ ಅಂತಲೇ ಎಲ್ಲರೂ ತಿಳ್ಕೊಂಡಿದಾರೆ, ಹಾಗೇ ಇರಲಿ. ಇನ್ನು ಅಲ್ಲಿಗೆ ಯಾರೂ ಬರಲ್ಲ, ನಾವಿಬ್ಬರೇ. ಪಾಳಿ ಪಟ್ಟಿ ನೋಡಿದೆ, ಎರಡು ತಿಂಗಳಿಗೆ ಇನ್ನೊಂದು ಭಾನುವಾರ ಸಿಗತ್ತೆ."

ಹೊಸ ಹಾಳೆ ಹದಿನೈದು ದಿನದಲ್ಲಿ ಅಚ್ಚಾಗುತ್ತದೆ, ಎಂದು ನಕ್ಷೆಗಾರ ಮನಸ್ಸಿನಲ್ಲೇ ಎಣಿಸಿದ. ಇನ್ನೊಂದು ವಾರಕ್ಕೆ ಅಧಿಕಾರಿಗಳ ಕೈ ಸೇರುತ್ತದೆ.

"ಎರಡು ತಿಂಗಳಾ," ಎಂದ.

"ದೂರ ಅನ್ಸತ್ತೆ ಅಲ್ವಾ? ನನಗೂ." ಮೆಟ್ಟಿಲ ಮೇಲೆ ಸೋದರತ್ತೆಯ ಹೆಜ್ಜೆ ಕೇಳಿಸಿತು. ಹೆಂಡತಿ ಎದ್ದು, ಅವನ ತೋಳಿನ ಮೇಲೆ ಅಂಟಿದ್ದ ಬಿಳಿ ಪುಡಿಯನ್ನು ಏನೆಂದು ಕೇಳದೆ ಕೊಡವಿ, ಧ್ವನಿ ತಗ್ಗಿಸಿದಳು.

"ಕಾಯೋಣ ಬಿಡಿ. ಕಲ್ಲಿನ ಮಂಟಪ, ಅದೆಲ್ಲಿಗೆ ಹೋಗತ್ತೆ."